ದ್ರವದಲ್ಲಿ ಏನು ಎಷ್ಟಿದೆ ಅಂತ ಶಬ್ದದಿಂದ ತಿಳಿಯಬಹುದಾ? ಅಕೌಸ್ಟಿಕ್ ಮೆಟಾಮೆಟೀರಿಯಲ್ ಸೆನ್ಸರ್ ಮಾಡುತ್ತಿದ್ದೇನೆ, ಸಲಹೆ ಬೇಕು

ನೀರಲೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಒಂದೇ ವಿಷಯದ ಹಿಂದೆ ಬಿದ್ದಿದ್ದೇನೆ: ಅಕೌಸ್ಟಿಕ್ ಮೆಟಾಮೆಟೀರಿಯಲ್, ಅಂದರೆ ಶಬ್ದ ನಮಗೆ ಬೇಕಾದ ಹಾಗೆ ಸಾಗಲಿ ಅಂತ ಸಣ್ಣ ಸಣ್ಣ ರಚನೆಗಳನ್ನು ಜೋಡಿಸಿ ಮಾಡಿದ ವಸ್ತು. ತೆಳುವಾದ ಒಂದು ಸಂದಿಯಲ್ಲಿ ದ್ರವ ತುಂಬಬೇಕು. ಅದರ ಮೂಲಕ ಅಲ್ಟ್ರಾಸೌಂಡ್ ಹಾಯಿಸಬೇಕು. ಆಚೆ ಬಂದ ಶಬ್ದವನ್ನು ನೋಡಿ, ದ್ರವದಲ್ಲಿ ಏನು ಎಷ್ಟು ಬೆರೆತಿದೆ ಅಂತ ಹೇಳಬೇಕು. ಬೆಳಕು ಹಾಯದಷ್ಟು ಕದಡಿದ ದ್ರವದಲ್ಲೂ ಇದು ನಡೆಯಬೇಕು ಅನ್ನೋದು ನನ್ನ ಆಸೆ.

ನಾನು ಮಾಡಿದ್ದು ಇಷ್ಟು. ರೆಸಿನ್‌ನಲ್ಲಿ ಎರಡು ತಟ್ಟೆಗಳನ್ನು ಪ್ರಿಂಟ್ ಮಾಡಿದೆ. ಎರಡರಲ್ಲೂ ಸಾಲುಸಾಲಾಗಿ ಸಣ್ಣ ತೂತುಗಳಿವೆ. ತಟ್ಟೆಗಳ ನಡುವೆ 0.74 ಮಿಲಿಮೀಟರ್ ಸಂದಿ. ನೀರಿನಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 1482 ಮೀಟರ್. ಹಾಗಾಗಿ ಆ ಸಂದಿಯಲ್ಲಿ ಅರ್ಧ ಅಲೆ ಸರಿಯಾಗಿ ಕೂರುವುದು 1 ಮೆಗಾಹರ್ಟ್ಜ್‌ನಲ್ಲಿ. ಸಿಮ್ಯುಲೇಶನ್‌ನಲ್ಲಿ ಅಲ್ಲೇ ಸೂಜಿಯಂಥ ಪೀಕ್ ಬಂತು, ಅಂದರೆ ಆ ಆವರ್ತನದಲ್ಲಿ ಮಾತ್ರ ಶಬ್ದ ಜೋರಾಗಿ ಆಚೆ ಬಂತು. ನೋಡಿ ಎಷ್ಟು ಖುಷಿಯಾಯಿತು ಅಂದರೆ ಅವತ್ತು ರಾತ್ರಿ ನಿದ್ದೆಯೇ ಬರಲಿಲ್ಲ.

ಮೇಜಿನ ಮೇಲೆ ಮಾತ್ರ ಕಥೆ ಬೇರೆ. ಸೂಜಿ ಇಲ್ಲ, ಅಗಲವಾದ ದಿಬ್ಬ ಇದೆ. ಲೀಟರಿಗೆ ಒಂದು ಗ್ರಾಂ ಉಪ್ಪು ಹಾಕಿದರೆ ದಿಬ್ಬ ಸರಿಯಿತೋ ಇಲ್ಲವೋ ಹೇಳೋಕೆ ಆಗುತ್ತಿಲ್ಲ. ಮರುದಿನ ಅದೇ ಶುದ್ಧ ನೀರು ಬೇರೆಯೇ ಅಂಕಿ ತೋರಿಸುತ್ತದೆ. ಎಲ್ಲಿ ತಪ್ಪಿದೆ?

ಉಕ್ಕಿನಗೋಡೆ

ಮೊದಲು ಒಂದು ಪ್ರಶ್ನೆ. ಸಿಮ್ಯುಲೇಶನ್‌ನಲ್ಲಿ ರೆಸಿನ್ ತಟ್ಟೆಯನ್ನು ಅಲ್ಲಾಡದ ಗೋಡೆ ಅಂತ ಕೊಟ್ಟಿದ್ದೀರಾ?

ನೀರಲೆ

ಹೌದು. ಗಾಳಿಯ ಮೆಟಾಮೆಟೀರಿಯಲ್ ಕೆಲಸಗಳಲ್ಲಿ ಹಾಗೇ ಮಾಡುವುದನ್ನು ನೋಡಿದ್ದೆ.

ಉಕ್ಕಿನಗೋಡೆ

ಅಲ್ಲೇ ಇದೆ ತೊಂದರೆ. ಗಾಳಿಯಲ್ಲಿ ಆ ಲೆಕ್ಕ ನಡೆಯುತ್ತದೆ, ನೀರಿನಲ್ಲಿ ನಡೆಯುವುದಿಲ್ಲ.

ಶಬ್ದ ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ವಾಪಸ್ ಬರುತ್ತದೆ ಅನ್ನೋದನ್ನು ಇಂಪೀಡೆನ್ಸ್ ತೀರ್ಮಾನಿಸುತ್ತದೆ. ಅಂದರೆ ಸಾಂದ್ರತೆಯನ್ನು ಶಬ್ದದ ವೇಗದಿಂದ ಗುಣಿಸಿದ್ದು. ಗಾಳಿಗೆ ಹೋಲಿಸಿದರೆ ಗಟ್ಟಿ ಪ್ಲಾಸ್ಟಿಕ್‌ನ ಇಂಪೀಡೆನ್ಸ್ ಸಾವಿರಾರು ಪಟ್ಟು. ಹಾಗಾಗಿ ಗಾಳಿಗೆ ಪ್ಲಾಸ್ಟಿಕ್ ಅಂದರೆ ಬಂಡೆ. ನೀರಿಗೆ ಹೋಲಿಸಿದರೆ ಅದೇ ಪ್ಲಾಸ್ಟಿಕ್ ಬರೀ ಎರಡು ಪಟ್ಟು ಆಸುಪಾಸು. ಲೆಕ್ಕ ಹಾಕಿ ನೋಡಿ. ಗೋಡೆಗೆ ಬಡಿದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ವಾಪಸ್ ಬರುತ್ತದೆ. ಉಳಿದದ್ದೆಲ್ಲ ಗೋಡೆಯೊಳಗೇ ನುಗ್ಗಿ ಹೋಗುತ್ತದೆ. ಅಲೆ ಅತ್ತಿಂದಿತ್ತ ನೂರಾರು ಸಲ ಓಡಾಡಿದರೆ ತಾನೇ ಪೀಕ್ ಚೂಪಾಗುವುದು? ನಿಮ್ಮ ಸಂದಿಯಲ್ಲಿ ಎರಡು ಸುತ್ತು ಬರುವುದರೊಳಗೆ ಅದು ಸತ್ತೇ ಹೋಗುತ್ತಿದೆ.

ಉಕ್ಕು ನೀರಿಗಿಂತ ಸುಮಾರು ಮೂವತ್ತು ಪಟ್ಟು. ದಪ್ಪನೆಯ ಉಕ್ಕಿನ ಮುಖದಿಂದ ನೂರರಲ್ಲಿ ಸುಮಾರು 88 ಪಾಲು ಶಕ್ತಿ ವಾಪಸ್ ಬರುತ್ತದೆ. ಅದೂ ಪೂರ್ತಿ ಅಲ್ಲ, ನೆನಪಿರಲಿ. ನೀರಿನಲ್ಲಿ ಕೆಲಸ ಮಾಡುವವರು ಘನವಸ್ತುವಿನ ಕಂಪನವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಇದನ್ನು ಬಿಟ್ಟು ಮಾಡಿದ ಸಿಮ್ಯುಲೇಶನ್ ನೋಡೋಕೆ ಚೆಂದ, ಆದರೆ ಆ ಉಪಕರಣವನ್ನು ಯಾರೂ ಕಟ್ಟಲಾರರು.

ಮೊದಲಸಾಲು

ನಾನು ಈ ವಿಷಯಕ್ಕೆ ಹೊಸಬ. ಒಂದು ಅನುಮಾನ. ದ್ರವದಲ್ಲಿ ಶಬ್ದದ ವೇಗ ಬೇಕು ಅಂದರೆ ಒಂದು ಕಡೆಯಿಂದ ಸದ್ದು ಕಳಿಸಿ ಇನ್ನೊಂದು ಕಡೆ ಎಷ್ಟು ಹೊತ್ತಿಗೆ ಬಂತು ಅಂತ ನೋಡಿದರೆ ಸಾಕಲ್ವಾ? 1826ರಲ್ಲೇ ಕೊಲ್ಲಾಡೊನ್ ಮತ್ತು ಸ್ಟರ್ಮ್ ಜಿನೀವಾ ಸರೋವರದಲ್ಲಿ ನೀರೊಳಗೆ ಗಂಟೆ ಬಾರಿಸಿ ಹೀಗೇ ಅಳೆದಿದ್ದರು. 8 ಡಿಗ್ರಿ ನೀರಿನಲ್ಲಿ ಸೆಕೆಂಡಿಗೆ 1435 ಮೀಟರ್ ಬಂದಿತ್ತು. ಇಷ್ಟಕ್ಕೆ ಮೆಟಾಮೆಟೀರಿಯಲ್ ಯಾಕೆ ಬೇಕು?

ಅಲೆಗಣಿತ

ತುಂಬಾ ಒಳ್ಳೆಯ ಪ್ರಶ್ನೆ. ಈ ವಿಷಯಕ್ಕೆ ಕೈ ಹಾಕುವ ಪ್ರತಿಯೊಬ್ಬರೂ ಇದನ್ನು ಕೇಳಿಕೊಳ್ಳಬೇಕು. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಸರೋವರದಲ್ಲಿ ಜಾಗ ಇದೆ. ಕಿಲೋಮೀಟರ್‌ಗಟ್ಟಲೆ ದೂರ ಸಿಕ್ಕರೆ ಸಮಯ ಅಳೆಯುವುದು ಸುಲಭ. ನೀರಲೆ ಅವರ ಸಂದಿಯಲ್ಲಿ ಶಬ್ದ ಒಂದು ಸಲ ದಾಟಲು ಅರ್ಧ ಮೈಕ್ರೋಸೆಕೆಂಡ್ ಸಾಕು. ಒಂದು ಕಿಲೋ ನೀರಿಗೆ ಒಂದು ಗ್ರಾಂ ಉಪ್ಪು ಹಾಕಿದರೆ ಶಬ್ದದ ವೇಗ ಹೆಚ್ಚುವುದು ಸೆಕೆಂಡಿಗೆ ಸುಮಾರು 1.1 ಮೀಟರ್. ಸಮಯದಲ್ಲಿ ಆಗುವ ವ್ಯತ್ಯಾಸ ಅರ್ಧ ನ್ಯಾನೋಸೆಕೆಂಡಿಗಿಂತಲೂ ಕಡಿಮೆ. ಅದನ್ನೇ ಆವರ್ತನದಲ್ಲಿ ನೋಡಿದರೆ 1 ಮೆಗಾಹರ್ಟ್ಜ್‌ನ ಪೀಕ್ ಸುಮಾರು 750 ಹರ್ಟ್ಜ್ ಸರಿಯುತ್ತದೆ. 750 ಹರ್ಟ್ಜ್ ಅಳೆಯುವುದು ಕಷ್ಟವಲ್ಲ. ಆದರೆ ಪೀಕ್ ಚೂಪಾಗಿರಬೇಕು.

ಉಯ್ಯಾಲೆ ನೆನಪಿಸಿಕೊಳ್ಳಿ. ಒಂದೇ ಸಲ ತೂಗಿದ್ದನ್ನು ನೋಡಿ ಅದರ ಲಯ ಹೇಳುವುದು ಕಷ್ಟ. ನೂರು ಸಲ ತೂಗಿದ್ದನ್ನು ಎಣಿಸಿದರೆ ಲಯ ಸರಿಯಾಗಿ ಸಿಗುತ್ತದೆ. ಅನುರಣನ ಅನ್ನೋದು ಇದೇ. ಚಿಕ್ಕ ಜಾಗದಲ್ಲೇ ಅಲೆಯನ್ನು ಮತ್ತೆ ಮತ್ತೆ ಓಡಾಡಿಸಿ ಉದ್ದ ದಾರಿಯ ಲಾಭ ಪಡೆಯುವುದು. ಎಷ್ಟು ಸಲ ಓಡಾಡುತ್ತದೆ ಅನ್ನೋದರ ಅಳತೆಯೇ ಕ್ಯೂ. ಕ್ಯೂ 500 ಇದ್ದರೆ 1 ಮೆಗಾಹರ್ಟ್ಜ್ ಪೀಕಿನ ಅಗಲ 2 ಕಿಲೋಹರ್ಟ್ಜ್.

ಇನ್ನು ಫೋನಾನಿಕ್ ಕ್ರಿಸ್ಟಲ್, ಅಂದರೆ ಬೇರೆ ಬೇರೆ ವಸ್ತುಗಳನ್ನು ಒಂದೇ ಲೆಕ್ಕದಲ್ಲಿ ಮತ್ತೆ ಮತ್ತೆ ಜೋಡಿಸಿದ ರಚನೆ, ಏನು ಮಾಡುತ್ತದೆ? ಒಂದೇ ಉಕ್ಕಿನ ಮುಖ 88 ಪಾಲು ವಾಪಸ್ ಕಳಿಸುತ್ತದೆ ಅಂತ ಮೇಲೆ ಬಂತು. ಉಕ್ಕು, ನೀರು, ಉಕ್ಕು, ನೀರು ಅಂತ ಲೆಕ್ಕವಿಟ್ಟು ಪದರ ಜೋಡಿಸಿದರೆ ವಾಪಸ್ ಬರುವ ಅಲೆಗಳು ಒಂದಕ್ಕೊಂದು ಕೈ ಜೋಡಿಸುತ್ತವೆ. ಒಂದು ಇಡೀ ಆವರ್ತನದ ಪಟ್ಟಿಯಲ್ಲಿ ಶಬ್ದ ಆಚೆ ಹೋಗುವುದೇ ಇಲ್ಲ. ಇದೇ ಬ್ಯಾಂಡ್ ಗ್ಯಾಪ್. ನಡುವೆ ಒಂದು ಪದರದ ಅಳತೆಯನ್ನು ಬೇಕಂತಲೇ ಬದಲಿಸಿ, ಅಲ್ಲಿ ಪರೀಕ್ಷೆಯ ದ್ರವ ತುಂಬಿ. ಆ ದ್ರವ ಒಪ್ಪುವ ಒಂದೇ ಒಂದು ಆವರ್ತನ ಮಾತ್ರ ತೂರಿ ಬರುತ್ತದೆ. ಸುತ್ತಲೂ ಮೌನ, ನಡುವೆ ಒಂದೇ ಸ್ವರ. ಸೆನ್ಸರ್‌ಗೆ ಇದಕ್ಕಿಂತ ಒಳ್ಳೆಯ ಸ್ಥಿತಿ ಇಲ್ಲ.

ಈ ಬ್ಯಾಂಡ್ ಗ್ಯಾಪ್ ಮೊದಲು ಚೆನ್ನಾಗಿ ಕಣ್ಣಿಗೆ ಬಿದ್ದ ಒಂದು ಜಾಗ ನನಗೆ ಯಾವಾಗಲೂ ಇಷ್ಟ. ಮ್ಯಾಡ್ರಿಡ್‌ನಲ್ಲಿ ಎಯುಸೆಬಿಯೊ ಸೆಂಪೆರೆ ಅನ್ನುವ ಕಲಾವಿದರ ಒಂದು ಶಿಲ್ಪ ಇದೆ. ಪೊಳ್ಳು ಉಕ್ಕಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದ್ದು. 1995ರಲ್ಲಿ ಸ್ಪೇನ್‌ನ ಸಂಶೋಧಕರು ಅದರ ಮೂಲಕ ಶಬ್ದ ಹಾಯಿಸಿ ಅಳೆದರು. 1670 ಹರ್ಟ್ಜ್ ಆಸುಪಾಸಿನಲ್ಲಿ ಶಬ್ದ ಚೆನ್ನಾಗಿ ತಗ್ಗಿತ್ತು. ನೋಡೋಕೆ ಅಂತ ಮಾಡಿದ್ದು ಕೇಳೋಕೂ ಅಷ್ಟೇ ವಿಶೇಷವಾಗಿತ್ತು!

ದ್ರವಗಳ ಸೆನ್ಸರ್ ಆಗಿ ಇದನ್ನು ಮುಂದಕ್ಕೆ ತಂದವರಲ್ಲಿ ಜರ್ಮನಿಯ ಮಾಗ್ಡೆಬರ್ಗ್‌ನ ರಾಲ್ಫ್ ಲುಕ್ಲುಮ್ ಮುಖ್ಯರು. 2009ರಲ್ಲಿ ಅವರ ಬರಹ ಬಂತು. ಆಮೇಲೆ ಅವರ ಗುಂಪು ಪೆಟ್ರೋಲಿನ ಗುಣ ತಿಳಿಯಲೂ ಇದೇ ದಾರಿ ಹಿಡಿಯಿತು.

ಮೊದಲಸಾಲು

ಈಗ ಅರ್ಥವಾಯಿತು. ಆದರೆ ಶೀರ್ಷಿಕೆಯಲ್ಲಿ ಮೆಟಾಮೆಟೀರಿಯಲ್ ಅಂತ ಇದೆ, ನೀವು ಫೋನಾನಿಕ್ ಕ್ರಿಸ್ಟಲ್ ಅಂತೀರಿ. ಎರಡೂ ಒಂದೇನಾ?

ಅಲೆಗಣಿತ

ಅಕ್ಕಪಕ್ಕದ ಮನೆಯವು, ಒಂದೇ ಅಲ್ಲ. ಫೋನಾನಿಕ್ ಕ್ರಿಸ್ಟಲ್‌ನಲ್ಲಿ ಸಾಲುಗಳ ನಡುವಿನ ಅಂತರ ಅಲೆಯುದ್ದದ ಲೆಕ್ಕದಲ್ಲೇ ಇರುತ್ತದೆ. ಮೆಟಾಮೆಟೀರಿಯಲ್‌ನಲ್ಲಿ ಪ್ರತಿ ತುಣುಕೂ ಅಲೆಯುದ್ದಕ್ಕಿಂತ ಬಹಳ ಚಿಕ್ಕದು, ಮತ್ತು ಹೆಚ್ಚಿನ ವಿನ್ಯಾಸಗಳಲ್ಲಿ ಪ್ರತಿ ತುಣುಕೂ ತಾನೇ ಅನುರಣಿಸುತ್ತದೆ. 2000ದಲ್ಲಿ ಹಾಂಗ್‌ಕಾಂಗ್‌ನ ತಂಡ ಸೀಸದ ಗುಂಡುಗಳಿಗೆ ಸಿಲಿಕೋನ್ ರಬ್ಬರ್ ಹೊದಿಸಿ ಎಪಾಕ್ಸಿಯಲ್ಲಿ ಕೂರಿಸಿತು. ಸೆಂಟಿಮೀಟರ್ ಅಳತೆಯ ಗುಂಡುಗಳು 400 ಹರ್ಟ್ಜ್ ಆಸುಪಾಸಿನ ಶಬ್ದವನ್ನು ತಡೆದವು. 2006ರಲ್ಲಿ ಬರ್ಕ್ಲಿಯ ತಂಡ ನೀರು ತುಂಬಿದ ಹೆಲ್ಮ್‌ಹೋಲ್ಟ್ಸ್ ಕುಡಿಕೆಗಳ ಸಾಲು ಮಾಡಿ ಅಲ್ಟ್ರಾಸೌಂಡ್‌ನಲ್ಲಿ ಇದೇ ಬಗೆಯ ಕೆಲಸ ತೋರಿಸಿತು. ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದಲ್ಲ, ಆ ಕುಡಿಕೆ ಅದೇ.

ನೀರಲೆ ಅವರದ್ದು ಕಟ್ಟುನಿಟ್ಟಾಗಿ ಹೇಳಿದರೆ ಫೋನಾನಿಕ್ ಕ್ರಿಸ್ಟಲ್ ಕಡೆಯದು. ಹೆಸರಿಗಾಗಿ ಜಗಳ ಬೇಡ. ಆದರೆ ವ್ಯತ್ಯಾಸ ಮುಖ್ಯ. ಕುಡಿಕೆ ಚಿಕ್ಕದಾದಷ್ಟೂ ದ್ರವ ಕಡಿಮೆ ಸಾಕು. ಜೊತೆಗೆ ಅದರ ಕತ್ತಿನಲ್ಲಿ ದ್ರವ ಗೋಡೆಗೆ ಉಜ್ಜಿಕೊಂಡು ಓಡಾಡಬೇಕು. ಅಲ್ಲಿ ಶಕ್ತಿ ಜಾಸ್ತಿ ಕಳೆಯುತ್ತದೆ.

ನೀರಲೆ

ಎಲ್ಲರಿಗೂ ಧನ್ಯವಾದ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ರೆಸಿನ್ ಬಿಟ್ಟೆ. ಸ್ಟೀಲ್ ತಟ್ಟೆಗಳನ್ನು ಕತ್ತರಿಸಿ ತಂದು, ಸಂದಿಯ ಎರಡೂ ಕಡೆ ಎರಡೆರಡು ಪದರ ಜೋಡಿಸಿದೆ. ಪೀಕ್ ಬಂತು! ನಿಜವಾದ ಪೀಕ್. ಉಪ್ಪು ಹಾಕಿದಾಗ ಅದು ಕಣ್ಣೆದುರೇ ಬಲಕ್ಕೆ ಸರಿದದ್ದನ್ನು ನೋಡಿ ಕೈ ನಡುಗಿತು.

ಇನ್ನೂ ಎರಡು ತೊಂದರೆ ಇದೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅದೇ ಶುದ್ಧ ನೀರಿನ ಪೀಕ್ 4 ಕಿಲೋಹರ್ಟ್ಜ್‌ನಷ್ಟು ಮೇಲಕ್ಕೆ ಹೋಗುತ್ತದೆ. ಕೆಲವು ಸಲ ಪೀಕ್ ಇದ್ದಕ್ಕಿದ್ದಂತೆ ಕುಸಿದು ಮಾಯವೇ ಆಗುತ್ತದೆ.

ಬೀಕರ್

ಮೊದಲನೆಯದು ಬಿಸಿ, ಎರಡನೆಯದು ಗುಳ್ಳೆ. ಎರಡರ ಜೊತೆಗೂ ನಾನು ವರ್ಷಗಟ್ಟಲೆ ಹೆಣಗಿದ್ದೇನೆ.

ನೀರು 20 ಡಿಗ್ರಿ ಆಸುಪಾಸಿನಲ್ಲಿ ಒಂದು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 3 ಮೀಟರ್ ಏರುತ್ತದೆ. ನಿಮ್ಮ ಪೀಕ್‌ಗೆ ಅದು 2 ಕಿಲೋಹರ್ಟ್ಜ್. ಅಂದರೆ ನಿಮ್ಮ ಕೋಣೆ ಮಧ್ಯಾಹ್ನಕ್ಕೆ ಎರಡು ಡಿಗ್ರಿ ಬಿಸಿಯಾಗಿದೆ, ಅಷ್ಟೇ. ಉಕ್ಕು ಹಿಗ್ಗಿದ್ದರಿಂದ ಅಂದುಕೊಳ್ಳಬೇಡಿ. ಉಕ್ಕು ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. ಶಬ್ದದ ವೇಗ ಬದಲಾಗುವುದು ಹತ್ತು ಲಕ್ಷದಲ್ಲಿ 2000 ಪಾಲು. ಇಲ್ಲಿ ಎಲ್ಲಾ ದ್ರವದ್ದೇ ಆಟ.

ಈಗ ಉಪ್ಪಿನ ಜೊತೆ ಹೋಲಿಸಿ. ಒಂದು ಗ್ರಾಂ ಉಪ್ಪು ತರುವ ಬದಲಾವಣೆಯನ್ನೇ ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬಿಸಿಯೂ ತರುತ್ತದೆ. ಥರ್ಮಾಮೀಟರ್ ಇಲ್ಲದ ಉಪ್ಪಿನ ಸೆನ್ಸರ್ ನಿಜಕ್ಕೂ ಒಂದು ಥರ್ಮಾಮೀಟರೇ. ಸಂದಿಯ ಪಕ್ಕದಲ್ಲೇ ತಾಪ ಅಳೆಯಿರಿ, ಡಿಗ್ರಿಯ ನೂರನೇ ಒಂದು ಭಾಗದವರೆಗೆ. ಅಥವಾ ಅದೇ ಉಕ್ಕಿನ ತುಂಡಿನಲ್ಲಿ ಇನ್ನೊಂದು ಸಂದಿ ಮಾಡಿ, ಶುದ್ಧ ನೀರು ತುಂಬಿ ಮುಚ್ಚಿಡಿ. ಎರಡರ ಅನುಪಾತ ನೋಡಿ. ನೀರಿಗೆ ಹತ್ತಿರದ ದ್ರವಗಳಿಗೆ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಎಥನಾಲ್‌ನಂಥವಕ್ಕೆ ನಡೆಯುವುದಿಲ್ಲ. ಅದು ಬಿಸಿಯಾದರೆ ಶಬ್ದ ನಿಧಾನವಾಗುತ್ತದೆ, ನೀರಿಗೆ ಪೂರ್ತಿ ಉಲ್ಟಾ. ಇನ್ನೊಂದು ವಿಷಯ. ನೀರಿನ ಈ ಏರಿಕೆಯೂ ಕೊನೆವರೆಗೆ ಇಲ್ಲ. 74 ಡಿಗ್ರಿ ಆಸುಪಾಸಿನಲ್ಲಿ ವೇಗ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ.

ಗುಳ್ಳೆಯ ವಿಷಯ ಇನ್ನೂ ಕೆಟ್ಟದ್ದು. ಸಣ್ಣ ಗುಳ್ಳೆಗಳು ಹರಡಿದ ನೀರಿಗೆ, ಕಡಿಮೆ ಆವರ್ತನದಲ್ಲಿ, ವುಡ್ ಸೂತ್ರ (ಮಿಶ್ರಣದಲ್ಲಿ ಶಬ್ದದ ವೇಗ ಹೇಳುವ ಲೆಕ್ಕ) ಹಾಕಿ. ನೂರರಲ್ಲಿ ಒಂದು ಪಾಲು ಗಾಳಿ ಇದ್ದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 120 ಮೀಟರಿಗೆ ಬೀಳುತ್ತದೆ. ಗಾಳಿಯಲ್ಲಿನ ವೇಗಕ್ಕಿಂತಲೂ ಕಡಿಮೆ! ಹತ್ತು ಸಾವಿರದಲ್ಲಿ ಒಂದು ಪಾಲು ಇದ್ದರೂ 930ರ ಆಸುಪಾಸು. ಕಾರಣ ಸರಳ. ಮಿಶ್ರಣ ಗಾಳಿಯ ಹಾಗೆ ಮೆತ್ತಗಾಗುತ್ತದೆ, ನೀರಿನ ಹಾಗೆ ಭಾರವಾಗಿಯೇ ಉಳಿಯುತ್ತದೆ. ಮೆಗಾಹರ್ಟ್ಜ್‌ನಲ್ಲಿ ಈ ಸೂತ್ರ ಹಾಗೇ ಹೊಂದುವುದಿಲ್ಲ. ಅಲ್ಲಿ ಗುಳ್ಳೆ ಶಬ್ದವನ್ನು ಚದುರಿಸಿ ನುಂಗುತ್ತದೆ. ನಿಮ್ಮ ಪೀಕ್ ಮಾಯವಾಗುತ್ತಿರುವುದು ಅದಕ್ಕೇ. ನೀರನ್ನು ಕುದಿಸಿ ಆರಿಸಿ, ಅಥವಾ ನಿರ್ವಾತದಲ್ಲಿಟ್ಟು ಕರಗಿದ ಗಾಳಿ ತೆಗೆಯಿರಿ. ಸಂದಿಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತುಂಬಿಸಿ. ತೂತಿನ ಮೂಲೆಗಳು ಚೆನ್ನಾಗಿ ಒದ್ದೆಯಾಗಲಿ. ಅಲ್ಲೇ ಗುಳ್ಳೆ ಅಡಗಿ ಕೂರುವುದು.

ರಸಾಯನಸಾಕ್ಷಿ

ನನ್ನದು ಒಂದು ಆಕ್ಷೇಪ. ಉತ್ಸಾಹಕ್ಕೆ ತಣ್ಣೀರು ಹಾಕೋಕಲ್ಲ. ಈ ಸೆನ್ಸರ್ ದ್ರವದ ಸಂಯೋಜನೆಯನ್ನು ಹೇಳುತ್ತದೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಹೇಳುವುದು ಶಬ್ದದ ವೇಗ. ಸಂಯೋಜನೆ ನಾವು ಊಹಿಸುವುದು.

ಎಥನಾಲ್ ಮತ್ತು ನೀರನ್ನೇ ತೆಗೆದುಕೊಳ್ಳಿ. ನೀರಿನಲ್ಲಿ 1482, ಎಥನಾಲ್‌ನಲ್ಲಿ ಸುಮಾರು 1160. ನೀರಿಗೆ ಎಥನಾಲ್ ಬೆರೆಸುತ್ತಾ ಹೋದರೆ ವೇಗ ಇಳಿಯಬೇಕು ಅನಿಸುತ್ತದೆ ಅಲ್ವಾ? ಇಲ್ಲ, ಮೊದಲು ಏರುತ್ತದೆ. ತೂಕದಲ್ಲಿ ನಾಲ್ಕನೇ ಒಂದು ಭಾಗದ ಆಸುಪಾಸು ಎಥನಾಲ್ ಆಗುವವರೆಗೆ ಏರಿ, ಆಮೇಲೆ ಇಳಿಯುತ್ತದೆ. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಬಿಡಿಬಿಡಿಯಾಗಿ ಜೋಡಿಸಿಕೊಂಡಿರುತ್ತವೆ. ಎಥನಾಲ್ ಬಂದು ಸೇರಿದಾಗ ಆ ಜೋಡಣೆ ಇನ್ನಷ್ಟು ಬಿಗಿಯಾಗುತ್ತದೆ, ದ್ರವ ಸುಲಭವಾಗಿ ಕುಗ್ಗುವುದಿಲ್ಲ. ಪರಿಣಾಮ ಏನು? ಒಂದೇ ವೇಗಕ್ಕೆ ಎರಡು ಮಿಶ್ರಣ. ನಿಮ್ಮ ಪೀಕ್ ಎಷ್ಟೇ ಚೂಪಾಗಿರಲಿ, ಯಾವುದು ಅಂತ ಅದು ಹೇಳಲಾರದು. ಉಪ್ಪು ಹಾಕಿದರೂ ವೇಗ ಏರುತ್ತದೆ, ಗ್ಲಿಸರಾಲ್ ಹಾಕಿದರೂ ಏರುತ್ತದೆ. ಏರಿದ್ದು ಯಾವುದರಿಂದ?

ಅಲೆಗಣಿತ

ನಿಮ್ಮ ಮಾತು ಸರಿ. ಆದರೆ ಅದರಿಂದ ಕೆಲಸ ನಿಲ್ಲಬೇಕಿಲ್ಲ. ಒಂದು ಅಂಕಿ ಸಾಲದು ಅಂದರೆ ಎರಡು ತೆಗೆದುಕೊಳ್ಳೋಣ.

ಶಬ್ದದ ವೇಗ ಎರಡು ಗುಣಗಳಿಂದ ಬರುತ್ತದೆ. ದ್ರವ ಒತ್ತಡಕ್ಕೆ ಎಷ್ಟು ಜಗ್ಗದೆ ನಿಲ್ಲುತ್ತದೆ ಅನ್ನೋದು ಒಂದು, ಸಾಂದ್ರತೆ ಇನ್ನೊಂದು. ಸಂದಿಯ ಪೀಕ್ ವೇಗವನ್ನು ಮಾತ್ರ ನೋಡುತ್ತದೆ. ಆದರೆ ಅದೇ ಉಪಕರಣದಲ್ಲಿ ತಟ್ಟೆಯೇ ದ್ರವವನ್ನು ಹೊತ್ತುಕೊಂಡು ಕಂಪಿಸುವ ಅನುರಣನವೂ ಇರುತ್ತದೆ. ದ್ರವ ಭಾರವಾದಷ್ಟೂ ಆ ಪೀಕ್ ಕೆಳಗಿಳಿಯುತ್ತದೆ. ಅಂದರೆ ಅದು ಸಾಂದ್ರತೆಯನ್ನು ನೋಡುತ್ತದೆ. ಮೆಟಾಮೆಟೀರಿಯಲ್ ವಿನ್ಯಾಸದ ನಿಜವಾದ ಬಲ ನನಗೆ ಕಾಣುವುದು ಇಲ್ಲೇ. ಒಂದೇ ತುಂಡು ಲೋಹದಲ್ಲಿ ಬೇರೆ ಬೇರೆ ಗುಣಕ್ಕೆ ಕಿವಿಗೊಡುವ ಬೇರೆ ಬೇರೆ ಪೀಕ್‌ಗಳನ್ನು ನಾವೇ ಕೂರಿಸಬಹುದು.

ಎಥನಾಲ್ ಉದಾಹರಣೆಗೇ ಬನ್ನಿ. ಸಾಂದ್ರತೆ ಘನ ಮೀಟರಿಗೆ 998 ಕಿಲೋದಿಂದ 789ರವರೆಗೆ ಇಳಿಯುತ್ತಲೇ ಹೋಗುತ್ತದೆ, ಎಲ್ಲೂ ವಾಪಸ್ ಏರುವುದಿಲ್ಲ. ವೇಗ ಕೊಟ್ಟ ಎರಡು ಉತ್ತರಗಳಲ್ಲಿ ಯಾವುದು ಸರಿ ಅಂತ ಸಾಂದ್ರತೆ ಹೇಳಿಬಿಡುತ್ತದೆ. ಉಪ್ಪೋ ಗ್ಲಿಸರಾಲೋ ಅನ್ನುವ ಪ್ರಶ್ನೆಗೆ ಮೂರನೆಯದು ಪೀಕಿನ ಅಗಲ. ಗ್ಲಿಸರಾಲ್ ಸ್ನಿಗ್ಧತೆಯನ್ನು (ದ್ರವ ಹರಿಯಲು ತೋರುವ ಅಡ್ಡಿಯನ್ನು) ಬಹಳ ಏರಿಸುತ್ತದೆ, ಉಪ್ಪು ಅಷ್ಟಿಲ್ಲ.

ರಸಾಯನಸಾಕ್ಷಿ

ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಬೆರೆತಿರುವುದು ಯಾವ ಯಾವ ವಸ್ತು ಅನ್ನೋದು ಮೊದಲೇ ಗೊತ್ತಿರಬೇಕು. ಎಲ್ಲಾ ಪಾಲುಗಳನ್ನು ಕೂಡಿದರೆ ನೂರು ಅಂತ ಗೊತ್ತಿರುವುದರಿಂದ ಎರಡು ಅಳತೆಗಳಿಂದ ಮೂರು ವಸ್ತುಗಳ ಪಾಲು ಸಿಗಬಹುದು. ನಾಲ್ಕನೆಯದು ಗೊತ್ತಿಲ್ಲದೆ ಸೇರಿಕೊಂಡರೆ ಉಪಕರಣ ತಪ್ಪು ಉತ್ತರವನ್ನೇ ಅಷ್ಟೇ ನಿಖರವಾಗಿ ಕೊಡುತ್ತದೆ. ನನಗೆ ಭಯ ಇರುವುದು ಅದಕ್ಕೆ. ದಶಮಾಂಶದ ಮುಂದೆ ನಾಲ್ಕು ಅಂಕಿ ಕಂಡ ಕೂಡಲೇ ಜನ ನಂಬಿಬಿಡುತ್ತಾರೆ.

ಅಲೆಗಣಿತ

ಆ ಷರತ್ತು ನನಗೂ ಒಪ್ಪಿಗೆ. ಅದಕ್ಕೇ ವಸ್ತುಗಳಿಗೆ ಬೇಕಾದ್ದಕ್ಕಿಂತ ಒಂದು ಅಳತೆ ಜಾಸ್ತಿ ಇಟ್ಟುಕೊಳ್ಳಬೇಕು ಅಂತೀನಿ. ಆ ಹೆಚ್ಚಿನ ಅಳತೆ ಉಳಿದವುಗಳ ಜೊತೆ ಹೊಂದದಿದ್ದರೆ, ಗೊತ್ತಿಲ್ಲದ್ದೇನೋ ಸೇರಿದೆ ಅಂತ ತಿಳಿಯುತ್ತದೆ. ಏನು ಅಂತ ಹೇಳದಿದ್ದರೂ, ಇದೆ ಅಂತ ಹೇಳುತ್ತದೆ.

ಹರಳುತಟ್ಟೆ

ಸ್ನಿಗ್ಧತೆಯ ಮಾತು ಬಂದಿದ್ದರಿಂದ ನನ್ನ ಕಡೆಯದೂ ಸ್ವಲ್ಪ. ನಾನು ಕ್ವಾರ್ಟ್ಜ್ ಹರಳಿನ ಸೆನ್ಸರ್ ಬಳಸುವವಳು. ಹರಳಿಗೆ ಅಂಟಿದ ತೂಕವನ್ನು ಅದರ ಆವರ್ತನದ ಇಳಿಕೆಯಿಂದ ಹೇಳುವ, 1959ರ ಸೌರ್‌ಬ್ರೇ ಸೂತ್ರದಿಂದ ಶುರುವಾದ ದಾರಿ. ದ್ರವದಲ್ಲಿ ಅದರ ಪೀಕ್ ಎಷ್ಟು ಇಳಿಯುತ್ತದೆ ಅಂತ 1985ರಲ್ಲಿ ಕನಝಾವಾ ಮತ್ತು ಗಾರ್ಡನ್ ತೋರಿಸಿಕೊಟ್ಟರು. ಅದು ನೋಡುವುದು ಸಾಂದ್ರತೆ ಮತ್ತು ಸ್ನಿಗ್ಧತೆಯ ಗುಣಲಬ್ಧವನ್ನು. ಎರಡನ್ನೂ ಬೇರೆ ಮಾಡಿ ಕೊಡುವುದಿಲ್ಲ.

ಹರಳು ಅಡ್ಡಡ್ಡ ಜಾರುವ ಹಾಗೆ ಕಂಪಿಸುತ್ತದೆ. 5 ಮೆಗಾಹರ್ಟ್ಜ್‌ನಲ್ಲಿ ನೀರೊಳಗೆ ಆ ಕಂಪನ ತಲುಪುವುದು ಮೈಕ್ರೋಮೀಟರಿನ ಕಾಲು ಭಾಗ. ಅದರಾಚೆ ಏನಿದೆ ಅಂತ ಹರಳಿಗೆ ಗೊತ್ತೇ ಆಗುವುದಿಲ್ಲ. ಮೇಲ್ಮೈಗೆ ಸ್ವಲ್ಪ ಕೊಳೆ ಅಂಟಿದರೂ ಅಂಕಿ ಬದಲಾಗುತ್ತದೆ. ನೀರಲೆ ಅವರ ಸಂದಿ ಇಡೀ ದ್ರವವನ್ನು ಕೇಳಿಸಿಕೊಳ್ಳುತ್ತದೆ. ಇದು ದೊಡ್ಡ ಲಾಭ, ಬಿಡಬೇಡಿ.

ಆದರೆ ಗೋಡೆಯ ಪಕ್ಕದ ಆ ತೆಳು ಪದರ ನಿಮ್ಮಲ್ಲೂ ಇದೆ. 1 ಮೆಗಾಹರ್ಟ್ಜ್‌ನಲ್ಲಿ ನೀರಿಗೆ ಅರ್ಧ ಮೈಕ್ರೋಮೀಟರಿಗಿಂತ ಸ್ವಲ್ಪ ಜಾಸ್ತಿ. ಶುದ್ಧ ಗ್ಲಿಸರಾಲ್‌ಗೆ 19 ಮೈಕ್ರೋಮೀಟರ್ ಆಸುಪಾಸು. ಗ್ಲಿಸರಾಲ್ ತುಂಬಿದಾಗ ತೂತುಗಳ ಒಳಗೆ ಏನಾಗುತ್ತದೆ ಅಂತ ಯೋಚಿಸಿ. ಕಿರಿದಾದ ತೂತಾದರೆ ಪೀಕ್ ಪೂರ್ತಿ ನಂದಿಹೋಗಬಹುದು. ಇನ್ನೊಂದು ಮಾತು. ಪೀಕಿನ ಅಗಲದಿಂದ ಸ್ನಿಗ್ಧತೆ ಅಳೆಯುವ ಮುಂಚೆ ಉಪಕರಣದ ಸ್ವಂತ ಸೋರಿಕೆಯನ್ನು ಕಳೆಯಬೇಕು. ಶುದ್ಧ ನೀರು ತಾನಾಗಿ 1 ಮೆಗಾಹರ್ಟ್ಜ್‌ನಲ್ಲಿ ನುಂಗುವ ಶಬ್ದ ಬಹಳ ಕಡಿಮೆ. ಅದೊಂದೇ ನಷ್ಟವಾದರೆ ಕ್ಯೂ 80 ಸಾವಿರ ದಾಟುತ್ತದೆ. ಹಾಗಾಗಿ ನೀರು ತುಂಬಿದಾಗ ಕಾಣುವ ಅಗಲ ಹೆಚ್ಚೂಕಡಿಮೆ ಪೂರ್ತಿ ಉಪಕರಣದ್ದೇ. ಮೊದಲು ಅದನ್ನು ಅಳೆದು ಬರೆದಿಟ್ಟುಕೊಳ್ಳಿ.

ನೀರಲೆ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಇವತ್ತು ಮಾಡಿದ್ದನ್ನು ಹೇಳುತ್ತೇನೆ.

ನೀರನ್ನು ಕುದಿಸಿ, ಮುಚ್ಚಿ, ಆರಿಸಿ ಕೆಳಗಿನಿಂದ ತುಂಬಿಸಿದೆ. ಬೆಳಿಗ್ಗೆಯಿಂದ ಪೀಕ್ ಒಂದು ಸಲವೂ ಮಾಯವಾಗಿಲ್ಲ. ಅದೇ ಉಕ್ಕಿನಲ್ಲಿ ಎರಡನೇ ಸಂದಿ ಮಾಡಿ ಶುದ್ಧ ನೀರು ತುಂಬಿ ಮುಚ್ಚಿದೆ. ಈಗ ಬಿಸಿ ಏರಿದರೆ ಎರಡೂ ಪೀಕ್ ಜೊತೆಯಲ್ಲೇ ಸರಿಯುತ್ತವೆ, ಉಪ್ಪು ಹಾಕಿದರೆ ಒಂದೇ ಸರಿಯುತ್ತದೆ. ಎಂಟು ತಿಂಗಳಲ್ಲಿ ಇಷ್ಟು ಸ್ಪಷ್ಟವಾದ ಚಿತ್ರ ನಾನು ನೋಡಿರಲಿಲ್ಲ.

ರಸಾಯನಸಾಕ್ಷಿ ಅವರ ಮಾತು ಕೇಳಿ ನನ್ನ ಬರಹದ ಮೊದಲ ಸಾಲನ್ನೇ ಬದಲಿಸಿದೆ. "ಯಾವುದೇ ದ್ರವದ ಸಂಯೋಜನೆ" ಅಂತ ಇತ್ತು. ಈಗ "ನೀರಿನಲ್ಲಿ ಕರಗಿದ ಉಪ್ಪು ಮತ್ತು ಗ್ಲಿಸರಾಲ್" ಅಂತ ಇದೆ. ಹರಳುತಟ್ಟೆ ಅವರು ಹೇಳಿದ ಹಾಗೆ ಶುದ್ಧ ನೀರಿನ ಪೀಕಿನ ಅಗಲವನ್ನು ಅಳೆಯುತ್ತಿದ್ದೇನೆ. ತಟ್ಟೆಯ ಕಂಪನದ ಪೀಕ್ ಇನ್ನೂ ಸಿಕ್ಕಿಲ್ಲ. ಎಲ್ಲಿ ಹುಡುಕಲಿ?

ಉಕ್ಕಿನಗೋಡೆ

ಬಹಳ ಕೆಳಗೆ ಹುಡುಕಿ. ತಟ್ಟೆ ಬಾಗುವ ಅನುರಣನ ಮೆಗಾಹರ್ಟ್ಜ್‌ನಲ್ಲಿ ಅಲ್ಲ, ಕಿಲೋಹರ್ಟ್ಜ್‌ಗಳಲ್ಲಿ ಸಿಗುತ್ತದೆ. ನಿಮ್ಮ ಟ್ರಾನ್ಸ್‌ಡ್ಯೂಸರ್ (ಅಲ್ಟ್ರಾಸೌಂಡ್ ಕಳಿಸಿ ಕೇಳುವ ಸಾಧನ) ಅಷ್ಟು ಕೆಳಗೆ ಸರಿಯಾಗಿ ಕೆಲಸ ಮಾಡದೇ ಇರಬಹುದು. ತಟ್ಟೆಯ ಬೆನ್ನಿಗೆ ಒಂದು ಚಿಕ್ಕ ಪೀಝೋ ಬಿಲ್ಲೆ (ವಿದ್ಯುತ್ ಕೊಟ್ಟರೆ ಕಂಪಿಸುವ ಬಿಲ್ಲೆ) ಅಂಟಿಸಿ. ಮೊದಲು ಸಂದಿ ಖಾಲಿ ಇಟ್ಟು ಪೀಕ್ ಹುಡುಕಿ, ಆಮೇಲೆ ನೀರು ತುಂಬಿ. ಕೆಳಗೆ ಜಾರಿದ ಪೀಕೇ ನಿಮಗೆ ಬೇಕಾದ್ದು. ಜಾರದೆ ನಿಂತಲ್ಲೇ ನಿಂತದ್ದು ಚೌಕಟ್ಟಿನದ್ದು, ಅದನ್ನು ಬಿಟ್ಟುಬಿಡಿ.